ಜರಡಿಯನ್ನು ಹೊಗಳಿದ್ದು ಸಾಕು

ಯುಗಾದಿ ಊಟಕ್ಕೆ ಪಂಕ್ತಿಯಲ್ಲಿ ಕೂತಿದ್ದೆವು. ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದಲ್ಲಿದ್ದವರು ಶುರು ಮಾಡಿದರು: "ಅಕ್ಕಾ, ಟಿಜೆ ಕಥೆ ಮುಗೀತು ಬಿಡಿ. ಪರೀಕ್ಷೇನೇ ತೆಗೆದುಹಾಕಿದ ಮೇಲೆ ಮೆರಿಟ್ ಎಲ್ಲಿ ಉಳಿಯುತ್ತೆ?" ಎದುರಿಗಿದ್ದವರು ತಲೆಯಾಡಿಸಿದರು. ಅವರಾಚೆ ಇದ್ದವರು ರ‍್ಯಾಂಕಿಂಗ್ ಕುಸಿದ ಲೆಕ್ಕ ಹೇಳಿದರು. ಉತ್ತರ ವರ್ಜೀನಿಯಾದಲ್ಲಿ ಯಾವ ಕನ್ನಡ ಮನೆಗೆ ಹೋದರೂ ವರ್ಷಗಳಿಂದ ಕೇಳುತ್ತಿರುವ ಮಾತು ಇದು. ನಮ್ಮ ಮಕ್ಕಳು ಕಷ್ಟಪಟ್ಟು ಗಳಿಸಿದ್ದನ್ನು ಕಿತ್ತು ಬೇರೆಯವರಿಗೆ ಕೊಟ್ಟರು, ಶಾಲೆ ಹಾಳಾಯಿತು, ಹಾಳಾದದ್ದಕ್ಕೆ ಅಂಕಿಅಂಶವೇ ಸಾಕ್ಷಿ. ಇಷ್ಟು ದಿನ ಹಬ್ಬದ ಊಟ ಕೆಡಬಾರದೆಂದು ಸುಮ್ಮನಿದ್ದೆ. ಈ ವಾದದ ಒಂದೊಂದು ಎಳೆಯೂ ತಪ್ಪು ಎಂದು ನನಗೆ ಅನ್ನಿಸಿದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ದೊಡ್ಡ ಮಗಳು ಹಳೇ ಪರೀಕ್ಷೆ ಬರೆದು ಆ ಶಾಲೆ ಸೇರಿದವಳು. ಚಿಕ್ಕವನು ಹೊಸ ನಿಯಮದಲ್ಲಿ ಅರ್ಜಿ ಹಾಕಿದ, ಸೀಟು ಸಿಗಲಿಲ್ಲ. ಹಳೇ ನಿಯಮ ಇದ್ದಿದ್ದರೆ ಅವನಿಗೂ ಸಿಗುತ್ತಿತ್ತೆಂದೇ ನನ್ನ ನಂಬಿಕೆ. ಹಾಗಿದ್ದೂ ಹಳೇ ನಿಯಮ ಹೋದದ್ದು ಸರಿ ಎನ್ನುತ್ತೇನೆ.

ದೂರದ ಓದುಗರಿಗೆ ಶಾಲೆಯ ಪರಿಚಯ ಹೇಳಬೇಕು. ಟಿಜೆ ಅಂದರೆ ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ. ವಾಷಿಂಗ್ಟನ್ ಹತ್ತಿರ ಫೇರ್‌ಫ್ಯಾಕ್ಸ್ ಕೌಂಟಿ ನಡೆಸುವ ಸರ್ಕಾರಿ ಶಾಲೆ. 1985ರಿಂದ ಮ್ಯಾಗ್ನೆಟ್ ಶಾಲೆ, ಎಂದರೆ ಓಣಿಯ ಮಕ್ಕಳಿಗಷ್ಟೇ ಮೀಸಲಾಗಿರದೆ ಇಡೀ ಸೀಮೆಯಿಂದ ಆಯ್ದ ಮಕ್ಕಳಿಗೆ ಒಂದು ವಿಷಯವನ್ನು ಆಳವಾಗಿ ಕಲಿಸುವ ಶಾಲೆ. ಲೌಡನ್, ಪ್ರಿನ್ಸ್ ವಿಲಿಯಂ, ಆರ್ಲಿಂಗ್ಟನ್, ಫಾಲ್ಸ್ ಚರ್ಚ್ ಕಡೆಯ ಮಕ್ಕಳೂ ಅರ್ಜಿ ಹಾಕಬಹುದು. ಒಳಗೆ ತಾರಾಲಯವಿದೆ, ನರವಿಜ್ಞಾನಕ್ಕೆ, ಸಮುದ್ರವಿಜ್ಞಾನಕ್ಕೆ ಬೇರೆಬೇರೆ ಲ್ಯಾಬುಗಳಿವೆ. 2013ರಲ್ಲಿ ಇಲ್ಲಿನ ಮಕ್ಕಳು ಕಟ್ಟಿದ ಅಂಗೈಯಗಲದ ಉಪಗ್ರಹ ಕಕ್ಷೆ ಸೇರಿತು. ಹೈಸ್ಕೂಲು ಮಕ್ಕಳು ಕಟ್ಟಿ ಹಾರಿಸಿದ ಮೊದಲ ಉಪಗ್ರಹ ಅದು. ನನ್ನ ಮಗಳು ಮೊದಲ ವಾರ ಮನೆಗೆ ಬಂದು ರಾತ್ರಿ ಹನ್ನೊಂದರವರೆಗೆ ಮಾತಾಡಿದ್ದು ನೆನಪಿದೆ. ಆ ಶಾಲೆಯ ಬಗ್ಗೆ ನನಗೆ ಪ್ರೀತಿಯೂ ಇದೆ, ಋಣವೂ ಇದೆ. ಇದೆಲ್ಲ ನಡೆಯುವುದು ಎಲ್ಲರ ತೆರಿಗೆಯಿಂದ.

2020ರವರೆಗೆ ಸೇರುವ ಮೊದಲ ಬಾಗಿಲು ಪರೀಕ್ಷೆ. ಆ ಬಾಗಿಲಿಗೆ ಹೋಗುವ ದಾರಿ ಹೇಗಿತ್ತು ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ನಾವೇ ಹಾಕಿದ ದಾರಿ. ಆರನೇ ತರಗತಿಯಿಂದ ಎರಡು ವರ್ಷ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಗಳನ್ನು ಕೋಚಿಂಗ್‌ಗೆ ಬಿಡುತ್ತಿದ್ದೆ. ಒಂದು ಕಡೆ ಇಂಡಿಯನ್ ದಿನಸಿ ಅಂಗಡಿ, ಇನ್ನೊಂದು ಕಡೆ ಹುಬ್ಬು ತೀಡುವ ಪಾರ್ಲರ್, ನಡುವೆ ಅದು. ಪಾರ್ಕಿಂಗ್ ತುಂಬ ನಮ್ಮಂಥವರದೇ ಕಾರುಗಳು. ಮಗಳ ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ನಾಲ್ಕು ಪೆನ್ಸಿಲು, ಒಂದು ಟೈಮರ್. ಒಳಗೆ ಪ್ರಶ್ನೆಗೆ ಇಂತಿಷ್ಟೇ ಸೆಕೆಂಡೆಂದು ಲೆಕ್ಕ ಹಾಕಿ ಬಿಡಿಸಬೇಕು, ದಾಟಿದರೆ ಊಹಿಸಿ ಮುಂದಕ್ಕೆ ಹೋಗಬೇಕು. ಒಂದು ಶನಿವಾರ ಕಾರು ಹತ್ತಿದವಳು ಕಿಟಕಿ ಕಡೆ ತಿರುಗಿ ಕೂತಳು. ಏನಾಯ್ತು ಮಗಾ ಅಂದರೆ, "ಈ ಸೂತ್ರ ಯಾಕೆ ಹೀಗೆ ಬರುತ್ತೆ ಅಂತ ಕೇಳಿದೆ ಅಮ್ಮಾ. ಅದು ಪರೀಕ್ಷೆಗೆ ಬರಲ್ಲ, ಬೇಡ ಅಂದ್ರು" ಅಂದಳು. ವಿಜ್ಞಾನದ ಶಾಲೆ ಹುಡುಕಬೇಕಾದದ್ದು "ಯಾಕೆ" ಎಂದು ಕೇಳುವ ಮಗುವನ್ನು. ಅಲ್ಲಿಗೆ ಸೇರಿಸಲೆಂದು ನಾನು ಅವಳ "ಯಾಕೆ"ಯನ್ನು ದುಡ್ಡು ಕೊಟ್ಟು ಬಿಡಿಸುತ್ತಿದ್ದೆ. ಎರಡು ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಹತ್ತಿರ ಖರ್ಚಾಯಿತು. ಪರೀಕ್ಷೆಯ ದಿನಕ್ಕೆ ಅಂಥ ಪ್ರಶ್ನೆಗಳನ್ನು ಅವಳು ಸಾವಿರಕ್ಕೂ ಮೇಲೆ ಬಿಡಿಸಿದ್ದಳು. ಅವಳ ಪಕ್ಕದಲ್ಲಿ ಅಂಥ ಪ್ರಶ್ನೆಯನ್ನು ಅಂದೇ ಮೊದಲ ಸಲ ನೋಡಿ ಮೂರು ಅಂಕ ಕಡಿಮೆ ತೆಗೆದ ಮಗು ಒಂದು ಇದ್ದಿದ್ದರೆ, ಇಬ್ಬರಲ್ಲಿ ಪ್ರತಿಭೆ ಯಾರಿಗೆ ಹೆಚ್ಚು? ತಾಯಿಯಾಗಿ ಉತ್ತರ ಹೇಳಲು ಬಾಯಿ ಬರುವುದಿಲ್ಲ, ಆದರೆ ಉತ್ತರ ನನಗೆ ಗೊತ್ತು.

ಆ ಪರೀಕ್ಷೆ ಕೊನೆಯ ಸಲ ಏನನ್ನು ಸೋಸಿ ಕೊಟ್ಟಿತು ನೋಡಿ. 2020ರಲ್ಲಿ ಸೀಟು ಸಿಕ್ಕ 486 ಮಕ್ಕಳಲ್ಲಿ ಶೇಕಡಾ 73ರಷ್ಟು ಏಷ್ಯನ್ ಮೂಲದವರು. ಕಪ್ಪು ಮಕ್ಕಳ ಸಂಖ್ಯೆ ಎಷ್ಟು ಚಿಕ್ಕದೆಂದರೆ ಗುರುತು ಸಿಕ್ಕೀತೆಂದು ಅದನ್ನು ಪ್ರಕಟಿಸಲೇ ಇಲ್ಲ. ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಅಂಕಿ. ಬಡ ಕುಟುಂಬದ ಮಕ್ಕಳು ಶೇಕಡಾ 0.62. ಎಂದರೆ 486ರಲ್ಲಿ ಮೂವರು. ಫೇರ್‌ಫ್ಯಾಕ್ಸ್‌ನ ಶಾಲೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಗು ಕಡಿಮೆ ದರದ ಇಲ್ಲವೇ ಪುಕ್ಕಟೆ ಊಟಕ್ಕೆ ಅರ್ಹ. ಅಷ್ಟು ಮಕ್ಕಳ ನಡುವೆ ವಿಜ್ಞಾನಕ್ಕೆ ತಲೆ ಇದ್ದವರು ಮೂವರೇ ಎಂದು ನಂಬುವವರು ಯಾರಾದರೂ ಇದ್ದರೆ ನನ್ನೆದುರು ಕೂತು ಹೇಳಲಿ. ಪಂಕ್ತಿಯಲ್ಲಿದ್ದ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ಪರೀಕ್ಷೆಯೇ ಮೆರಿಟ್ ಎಂದವರು ಅದನ್ನು ಒಪ್ಪಿಕೊಂಡ ಹಾಗೆಯೇ.

2020ರ ಅಕ್ಟೋಬರ್‌ನಲ್ಲಿ ಶಾಲಾ ಮಂಡಳಿ ಪರೀಕ್ಷೆಯನ್ನು ಕೈಬಿಟ್ಟಿತು, ಡಿಸೆಂಬರ್‌ನಲ್ಲಿ ಹೊಸ ಕ್ರಮ ತಂದಿತು. ಒಂದೊಂದು ಮಿಡಲ್ ಸ್ಕೂಲಿನ ಎಂಟನೇ ತರಗತಿಯಿಂದಲೂ ಶೇಕಡಾ 1.5ರಷ್ಟು ಮಕ್ಕಳಿಗೆ ಜಾಗ, ಉಳಿದ ಸೀಟು ಎಲ್ಲರಿಗೂ ಮುಕ್ತ. ಅರ್ಜಿ ಹಾಕಲು 3.5 ಜಿಪಿಎ ಇರಬೇಕು, ಆಲ್ಜೀಬ್ರಾ ಇಲ್ಲವೇ ಅದಕ್ಕಿಂತ ಮೇಲಿನ ಗಣಿತ ಓದುತ್ತಿರಬೇಕು, ತನ್ನ ಬಗ್ಗೆಯೂ ಒಂದು ಸಮಸ್ಯೆ ಬಿಡಿಸುವ ಬಗ್ಗೆಯೂ ಬರೆಯಬೇಕು. ಮನೆಯ ಬಡತನ, ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವುದು, ಇದುವರೆಗೆ ಹೆಚ್ಚು ಮಕ್ಕಳನ್ನು ಕಳಿಸದ ಶಾಲೆಯಲ್ಲಿ ಓದಿದ್ದು, ಇಂಥವಕ್ಕೆ ಸ್ವಲ್ಪ ಹೆಚ್ಚಿನ ಅಂಕ. ಮಗುವಿನ ಹೆಸರು, ಜನಾಂಗ ಯಾವುದೂ ಅರ್ಜಿ ನೋಡುವವರಿಗೆ ಕಾಣಿಸುವುದಿಲ್ಲ. ಇದನ್ನು "ಕೋಟಾ" ಎನ್ನುವವರು ನಿಯಮ ಓದಿಲ್ಲ.

ಮರು ವರ್ಷದ ಫಲ ಹೀಗಿತ್ತು. ಅರ್ಜಿಗಳು 2,500ರ ಆಸುಪಾಸಿನಿಂದ 3,000 ದಾಟಿದವು. 550 ಸೀಟಿನಲ್ಲಿ ಬಡ ಮಕ್ಕಳು ಶೇಕಡಾ 25. ಕಪ್ಪು ಮಕ್ಕಳು ಶೇಕಡಾ 7, ಹಿಸ್ಪಾನಿಕ್ ಮಕ್ಕಳು 11. ಏಷ್ಯನ್ ಮಕ್ಕಳು 54. ನಮ್ಮವರು ಹಿಡಿದುಕೊಂಡಿರುವುದು ಈ ಕೊನೆಯ ಅಂಕಿಯನ್ನು, "73 ಇದ್ದದ್ದು 54 ಆಯಿತು" ಎಂದು. ಅದರ ಪಕ್ಕದಲ್ಲಿರುವುದನ್ನು ಯಾರೂ ಹೇಳುವುದಿಲ್ಲ. ಅರ್ಜಿದಾರರಲ್ಲಿ ಏಷ್ಯನ್ನರು ಶೇಕಡಾ 49ಕ್ಕೂ ಕಡಿಮೆ ಇದ್ದರು, ಸೀಟು ಪಡೆದವರಲ್ಲಿ 54. ಅಂದರೆ ತಮ್ಮ ಪಾಲಿಗಿಂತ ಹೆಚ್ಚನ್ನೇ ಪಡೆದರು. ಬಡ ಏಷ್ಯನ್ ಮಕ್ಕಳ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು: 2020ರಲ್ಲಿ ಒಂದೇ ಒಂದು ಮಗು, 2021ರಲ್ಲಿ 51. ಹೊಸ ನಿಯಮದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಕೊಟ್ಟ ತೀರ್ಪಿನಲ್ಲಿ ಈ ಅಂಕಿ ದಾಖಲಾಗಿದೆ. "ಏಷ್ಯನ್ನರಿಗೆ ಅನ್ಯಾಯ" ಎಂದು ಹೇಳುವಾಗ ನಮ್ಮ ಕಣ್ಣಿಗೆ ಈ 51 ಮಕ್ಕಳು ಏಷ್ಯನ್ನರಾಗಿ ಕಾಣಿಸುವುದಿಲ್ಲ. ಮಾಲಿನಲ್ಲಿ ಉಗುರಿಗೆ ಬಣ್ಣ ಹಚ್ಚುವ ವಿಯೆಟ್ನಾಂ ತಾಯಿಯ ಮಗು, ಟ್ಯಾಕ್ಸಿ ಓಡಿಸುವ ಪಾಕಿಸ್ತಾನಿ ತಂದೆಯ ಮಗು ನಮ್ಮ ಲೆಕ್ಕದಲ್ಲಿ "ನಾವು" ಅಲ್ಲ. ಐಟಿಯವರ ಮಕ್ಕಳಿಗೆ ಆದ ನಷ್ಟಕ್ಕೆ ಏಷ್ಯನ್ನರೆಂಬ ಹೆಸರು ಕೊಟ್ಟು ದುಃಖಿಸುತ್ತಿದ್ದೇವೆ.

ಇನ್ನು "ಶಾಲೆ ಹಾಳಾಯಿತು" ಎಂಬ ಮಾತು. ಇದರ ಹಿಂದೆ ಎರಡು ಸಂಗತಿಗಳಿವೆ, ಎರಡೂ ನಿಜ. ಕೆಲವು ವರ್ಷ ದೇಶದ ಮೊದಲನೇ ರ‍್ಯಾಂಕಿನಲ್ಲಿದ್ದ ಶಾಲೆ ಆಮೇಲೆ ಕೆಳಗಿಳಿಯಿತು. ಹೊಸ ನಿಯಮದಲ್ಲಿ ಸೇರಿದ ಮೊದಲ ತಂಡ ಹನ್ನೊಂದನೇ ತರಗತಿಗೆ ಬಂದು ನ್ಯಾಷನಲ್ ಮೆರಿಟ್ ಪರೀಕ್ಷೆ ಬರೆದಾಗ, ಸೆಮಿಫೈನಲ್ ಮುಟ್ಟಿದವರ ಸಂಖ್ಯೆ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು. ಇದನ್ನು ಕೇಳಿದ ಕೂಡಲೇ ಪಂಕ್ತಿಯಲ್ಲಿ "ನೋಡಿದ್ರಾ?" ಎನ್ನುತ್ತಾರೆ. ನೋಡಿದೆ. ಈಗ ನೀವು ಸ್ವಲ್ಪ ಯೋಚಿಸಿ. ನ್ಯಾಷನಲ್ ಮೆರಿಟ್ ಎಂದರೆ ಗಡಿಯಾರದ ಮುಂದೆ ಓದು, ಗಣಿತ ಅಳೆಯುವ ಬಹು ಆಯ್ಕೆಯ ಪರೀಕ್ಷೆ. ಹಳೇ ಪ್ರವೇಶ ಪರೀಕ್ಷೆಯೂ ಅಂಥದ್ದೇ. ಹದಿಮೂರನೇ ವಯಸ್ಸಿನಲ್ಲಿ ಒಂದು ಬಗೆಯ ಪರೀಕ್ಷೆಯಲ್ಲಿ ಗೆದ್ದವರನ್ನೇ ಗುಡ್ಡೆ ಹಾಕಿ, ಹದಿನಾರನೇ ವಯಸ್ಸಿನಲ್ಲಿ ಅದೇ ಬಗೆಯ ಪರೀಕ್ಷೆ ಕೊಟ್ಟರೆ ಅವರು ಗೆಲ್ಲುತ್ತಾರೆ. ಆ ಗೆಲುವಿನಲ್ಲಿ ಶಾಲೆಯ ಪಾಲೆಷ್ಟು, ಜರಡಿಯ ಪಾಲೆಷ್ಟು? ಜರಡಿ ಬದಲಾದಾಗ ಅಂಕಿ ಇಳಿಯಿತು ಎಂದರೆ, ಹಿಂದಿನ ಅಂಕಿಯಲ್ಲಿ ಬಹಳಷ್ಟು ಜರಡಿಯದ್ದೇ ಆಗಿತ್ತು ಎಂದಾಯಿತು. ನಮ್ಮವರು ಶಾಲೆ ಕೆಟ್ಟದ್ದಕ್ಕೆ ತೋರಿಸುವ ಸಾಕ್ಷಿ ನನ್ನ ಮಾತಿಗೇ ಸಾಕ್ಷಿ.

ಇದು ನನ್ನೊಬ್ಬಳ ಊಹೆಯಲ್ಲ. 2014ರಲ್ಲಿ ಅಬ್ದುಲ್‌ಕಾದಿರೊಗ್ಲು, ಆಂಗ್ರಿಸ್ಟ್, ಪಾಠಕ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ನ್ಯೂಯಾರ್ಕಿನ ಇಂಥದ್ದೇ ಹೆಸರಾಂತ ಪರೀಕ್ಷಾ ಶಾಲೆಗಳ ಅಧ್ಯಯನ ಪ್ರಕಟಿಸಿದರು. ಕಟ್‌ಆಫ್ ಅಂಕದ ಸ್ವಲ್ಪ ಮೇಲಿದ್ದು ಸೀಟು ಪಡೆದವರನ್ನೂ, ಸ್ವಲ್ಪ ಕೆಳಗಿದ್ದು ತಪ್ಪಿಸಿಕೊಂಡವರನ್ನೂ ಹಿಂಬಾಲಿಸಿ ನೋಡಿದರು. ಮುಂದಿನ ಪರೀಕ್ಷೆಗಳಲ್ಲಿ, ಕಾಲೇಜು ಸೇರುವುದರಲ್ಲಿ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಪೈಕಿ ಆಂಗ್ರಿಸ್ಟ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹೊಳೆಯುವ ಮಕ್ಕಳನ್ನು ಒಂದೆಡೆ ಸೇರಿಸಿ, ಆ ಹೊಳಪು ಕಟ್ಟಡದ್ದೆಂದು ತಿಳಿಯುವುದು ಭ್ರಮೆ ಎಂಬುದು ಅವರ ಲೇಖನದ ತಿರುಳು.

ಜಾಣ ಓದುಗರು ಇಲ್ಲಿ ನನ್ನನ್ನು ಹಿಡಿಯಬಹುದು: ಶಾಲೆಯಿಂದ ಅಂಥ ಲಾಭವಿಲ್ಲ ಎಂದ ಮೇಲೆ ಬಡವರ ಮಕ್ಕಳಿಗಾದರೂ ಆ ಸೀಟು ಯಾಕೆ ಬೇಕು? ಸರಿಯಾದ ಪ್ರಶ್ನೆ. ನನ್ನ ಉತ್ತರ ನಮ್ಮ ಮನೆಯಲ್ಲೇ ಇದೆ. ಸೀಟು ಸಿಗದ ನನ್ನ ಮಗ ನಮ್ಮ ಬಡಾವಣೆಯ ಹೈಸ್ಕೂಲಿಗೆ ಹೋದ. ಅಲ್ಲಿ ಕ್ಯಾಲ್ಕುಲಸ್ ಇದೆ, ರೋಬೋ ಕಟ್ಟುವ ಕ್ಲಬ್ ಇದೆ, ಮನೆಯಲ್ಲಿ ಇಂಜಿನಿಯರ್ ಅಪ್ಪ ಇದ್ದಾರೆ. ಅವನಿಗೆ ತಪ್ಪಿದ್ದು ಒಂದು ಹೆಸರು. ರೂಟ್ 1 ರಸ್ತೆಯುದ್ದಕ್ಕೆ, ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡೆರಡು ಸಂಸಾರ ಇರುವ ಕಡೆಯ ಮಗುವಿಗೆ ತಾರಾಲಯವಾಗಲಿ ಲ್ಯಾಬಾಗಲಿ ಬೇರೆಲ್ಲೂ ಸಿಗುವುದಿಲ್ಲ. ಬಹು ಆಯ್ಕೆಯ ಪರೀಕ್ಷೆಯಲ್ಲಿ ಕಾಣದ ಎಷ್ಟೋ ಲಾಭಗಳಿವೆ. ಉಪಗ್ರಹ ಕಟ್ಟಿದ ಮಕ್ಕಳ ಕೈ ಕಲಿತದ್ದನ್ನು ಯಾವ ರ‍್ಯಾಂಕಿಂಗ್ ಎಣಿಸಿದೆ?

ಒಂಬತ್ತನೇ ತರಗತಿಯ ಗಣಿತದಲ್ಲಿ ಈಗ ಕೆಲವು ಮಕ್ಕಳು ತಿಣುಕುತ್ತಾರಂತೆ. ತಿಣುಕುತ್ತಿರಬಹುದು. ಮೊದಲೇ ಕಲಿತು ಬಂದವರಿಗೆ ಪಾಠ ಮಾಡಿ ಅಭ್ಯಾಸವಾದ ಶಾಲೆ ಈಗ ಕಲಿಸುವ ಕೆಲಸ ಮಾಡಬೇಕಾಗಿ ಬಂದಿದೆ. ಶಾಲೆ ಇರುವುದೇ ಅದಕ್ಕೆ.

ಮೂರನೇ ಮಾತು ಎಲ್ಲಕ್ಕಿಂತ ಆಳಕ್ಕೆ ಹೋಗುತ್ತದೆ, ಅದಕ್ಕೇ ಅದರ ಬಗ್ಗೆ ಹೆಚ್ಚು ಹೇಳಬೇಕು. "ನಮ್ಮ ಸಂಸ್ಕೃತಿಯಲ್ಲಿ ಓದಿಗೆ ಬೆಲೆ. ನಾವು ಕಷ್ಟಪಡ್ತೀವಿ. ಅವರಿಗೆ ಅದು ಬೇಡ." ಈ "ಅವರು" ಯಾರೆಂದು ಬಾಯಿಬಿಟ್ಟು ಹೇಳುವುದಿಲ್ಲ. ನಾನು ತಿಪಟೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿದವಳು. ಏಳನೇ ತರಗತಿಯಲ್ಲಿ ನಾವು ನಲವತ್ತೊಂದು ಮಂದಿ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಲೆಕ್ಕದಲ್ಲಿ ನನ್ನನ್ನು ಯಾವತ್ತೂ ಮುಂದೆ ಬಿಟ್ಟವಳಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಅವಳ ಸ್ಲೇಟಿನಲ್ಲಿ ಉತ್ತರ ಇರುತ್ತಿತ್ತು. ಅವಳಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಏಳಕ್ಕೆ ಅವಳ ಓದು ನಿಂತಿತು, ತಮ್ಮನ ಓದು ಮುಂದುವರಿಯಿತು. ನಮ್ಮಪ್ಪ ಶಾಲಾ ಮೇಷ್ಟ್ರು, ಮನೆಯಲ್ಲಿ ಪುಸ್ತಕ ಇತ್ತು, ಮುಂದೆ ತುಮಕೂರಿನಲ್ಲಿ ಓದಲು ಚಿಕ್ಕಮ್ಮನ ಮನೆ ಇತ್ತು. ಆ ನಲವತ್ತೊಂದು ಮಂದಿಯಲ್ಲಿ ಅಮೆರಿಕಕ್ಕೆ ಬಂದವಳು ನಾನೊಬ್ಬಳು. ಇಲ್ಲಿ ನನ್ನ ಮಕ್ಕಳ ಅಂಕ ನೋಡಿ ಯಾರಾದರೂ "ಕನ್ನಡದವರು ಓದಿನಲ್ಲಿ ಮುಂದು" ಅಂದರೆ ನನಗೆ ಆ ಸ್ಲೇಟು ನೆನಪಾಗುತ್ತದೆ. ಸಿಇಟಿ, ಇಂಜಿನಿಯರಿಂಗ್ ಕಾಲೇಜು, ಕಂಪನಿಯ ಇಂಟರ್‌ವ್ಯೂ, ಕೊನೆಗೆ ಎಚ್1ಬಿ ವೀಸಾ, ಇಷ್ಟು ಜರಡಿಗಳಲ್ಲಿ ಸೋಸಿದ ಮೇಲೆ ಮಿಕ್ಕವರು ನಾವು. ಇಡೀ ದೇಶದಿಂದ ಓದಿದವರನ್ನೇ ಆರಿಸಿ ಒಂದು ಊರಿಗೆ ತಂದಿಟ್ಟರೆ ಅವರ ಮಕ್ಕಳೂ ಓದುತ್ತಾರೆ. ಎಲ್ ಸಾಲ್ವಡಾರ್‌ನಿಂದ ಗಡಿ ದಾಟಿ ಬಂದು ಛಾವಣಿ ಹಾಕುವ ಕೆಲಸ ಮಾಡುವವನನ್ನು ಯಾವ ಪರೀಕ್ಷೆಯೂ ಆರಿಸಲಿಲ್ಲ. ಅವನ ಮಗಳನ್ನು ನನ್ನ ಮಗಳ ಪಕ್ಕ ನಿಲ್ಲಿಸಿ ಸಂಸ್ಕೃತಿಯ ತೂಕ ನೋಡುವುದು ನ್ಯಾಯವಲ್ಲ. ಅವಳ ಪಕ್ಕ ನಿಲ್ಲಿಸಬೇಕಾದದ್ದು ನನ್ನ ಗೆಳತಿಯ ಮಗಳನ್ನು.

ಈ ವಾದ ನಮಗೆ ಹೊಸದೇನಲ್ಲ, ಮೈಸೂರು ಸೀಮೆಯವರು ನೂರು ವರ್ಷದ ಹಿಂದೆಯೇ ಕೇಳಿದ್ದೇವೆ. ಜನಸಂಖ್ಯೆಯಲ್ಲಿ ಶೇಕಡಾ 5ಕ್ಕೂ ಕಡಿಮೆ ಇದ್ದ ಒಂದು ಸಮುದಾಯದ ಕೈಯಲ್ಲಿ ಸಂಸ್ಥಾನದ ಮೇಲಿನ ಹುದ್ದೆಗಳ ಬಹುಪಾಲು ಇದ್ದ ಕಾಲ ಅದು. ಉಳಿದ ಸಮುದಾಯಗಳಿಗೂ ಆ ಹುದ್ದೆಗಳಲ್ಲಿ ಪಾಲು ಸಿಗುವ ದಾರಿ ಹುಡುಕಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಕ್ಷತೆ ಕೆಡುತ್ತದೆ, ಅರ್ಹತೆ ಹೋಗುತ್ತದೆ ಎಂಬ ಕೂಗು ಆಗಲೂ ಎದ್ದಿತ್ತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೂ ಆ ವಿಷಯದಲ್ಲಿ ಅರಸರ ಕಡೆ ಸರಿಯಿತ್ತು, ಮಹಾ ಇಂಜಿನಿಯರರ ಕಡೆ ತಪ್ಪಿತ್ತು. ಸಂಸ್ಥಾನವೇನೂ ಕೆಡಲಿಲ್ಲ. ಆಮೇಲಿನ ತಲೆಮಾರುಗಳಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರ ಮಕ್ಕಳು, ಮೊಮ್ಮಕ್ಕಳು ಇಂದು ನನ್ನ ಜೊತೆ ಅದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದಾರೆ. ಅವರಲ್ಲಿ ಕೆಲವರ ಬಾಯಲ್ಲಿ ಇವತ್ತು ಆ ಹಳೇ ಕೂಗು ಬಂದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹೊಸ ಕ್ರಮ ತಂದವರೆಲ್ಲ ಒಳ್ಳೆಯವರು ಎನ್ನುತ್ತಿಲ್ಲ. ನಮ್ಮವರ ನೋವಿಗೆ ಕಾರಣ ಇದೆ. ನಿಯಮ ಬದಲಿಸುತ್ತಿದ್ದ ಆ ತಿಂಗಳುಗಳಲ್ಲಿ ಕೋಚಿಂಗ್‌ಗೆ ಕಳಿಸುವ ತಂದೆತಾಯಿಗಳನ್ನು ಮೋಸಗಾರರ ಹಾಗೆ ಆಡಿಕೊಂಡರು. ಮಂಡಳಿಯ ಸದಸ್ಯರೇ ತಮ್ಮೊಳಗೆ ಕಳಿಸಿಕೊಂಡ ಮೆಸೇಜುಗಳಲ್ಲಿ ಈ ಚರ್ಚೆಯಲ್ಲಿ ಏಷ್ಯನ್ನರ ವಿರುದ್ಧದ ವಾಸನೆ ಇದೆಯೆಂದು ಒಪ್ಪಿಕೊಂಡದ್ದು ಕೋರ್ಟಿನ ಕಡತದಲ್ಲಿದೆ. ತಂದೆತಾಯಿಗಳ ಗುಂಪು ಮೊಕದ್ದಮೆ ಹೂಡಿತು. 2022ರಲ್ಲಿ ಜಿಲ್ಲಾ ನ್ಯಾಯಾಧೀಶರು ಅವರ ಪರ ನಿಂತರು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಮಾತುಗಳನ್ನು ಆಡಿದವರನ್ನು ನಾನೂ ಕ್ಷಮಿಸಿಲ್ಲ. ಆದರೆ ಆಡಿದವರ ಬಾಯಿ ಕೆಟ್ಟದ್ದಾದ ಮಾತ್ರಕ್ಕೆ 486ರಲ್ಲಿ ಮೂವರು ಎಂಬ ಲೆಕ್ಕ ಸರಿಯಾಗುವುದಿಲ್ಲ.

ಹೊಸ ನಿಯಮದಲ್ಲೂ ಊನವಿದೆ. ಚೆನ್ನಾಗಿ ಬರೆಯಬಲ್ಲ ಮಗುವಿಗೆ ಅದು ಅನುಕೂಲ, ಗಣಿತದಲ್ಲಿ ಮುಳುಗಿ ನಾಲ್ಕು ಸಾಲು ಬರೆಯಲಾಗದ ಮಗು ತಪ್ಪಿಹೋಗಬಹುದು. ಪ್ರಬಂಧಕ್ಕೂ ಕೋಚಿಂಗ್ ಆಗಲೇ ಶುರುವಾಗಿದೆ, ಶನಿವಾರದ ಪಾರ್ಕಿಂಗ್ ಖಾಲಿಯಾಗಿಲ್ಲ. ಒಂದೊಂದು ಶಾಲೆಯೂ ತನ್ನಲ್ಲಿ ಒಂದು ತಿಂಗಳು ಪಾಠದ ನಡುವೆಯೇ ಎಲ್ಲ ಮಕ್ಕಳಿಗೂ ಕಠಿಣ ಲೆಕ್ಕಗಳನ್ನು ಕೊಟ್ಟು, ಯಾರು ಬಿಡದೆ ಕೂರುತ್ತಾರೆ ಎಂದು ಗಣಿತದ ಮೇಷ್ಟ್ರೇ ನೋಡಿ ಹೇಳುವಂತಾದರೆ ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅರ್ಜಿ ಹಾಕಬೇಕೆಂದು ಗೊತ್ತೇ ಇಲ್ಲದ ಮನೆಯ ಮಗು ಆಗ ಕಣ್ಣಿಗೆ ಬೀಳುತ್ತದೆ.

ಮುಂದಿನ ತಿಂಗಳು ಶಾಲಾ ಮಂಡಳಿಯ ಸಭೆಗೆ ಹೋಗಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಮೂರು ನಿಮಿಷ ಸಿಗುತ್ತದೆ. ಕೇಳುವುದು ಇಷ್ಟೇ: 2021ರಿಂದ ಸೇರಿದ ಮಕ್ಕಳು ಯಾವ ಗಣಿತದಿಂದ ಶುರು ಮಾಡಿದರು, ನಾಲ್ಕು ವರ್ಷದಲ್ಲಿ ಎಲ್ಲಿಗೆ ಮುಟ್ಟಿದರು, ನಡುವೆ ಬಿಟ್ಟು ಹೋದವರು ಎಷ್ಟು, ಯಾವ ಶಾಲೆಗಳಿಂದ ಬಂದವರು, ಆ ಲೆಕ್ಕವನ್ನು ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಸೀಟು ಸಿಕ್ಕ ಮಕ್ಕಳಿಗೆ ಎಂಟನೇ ತರಗತಿ ಮುಗಿದ ಬೇಸಿಗೆಯಲ್ಲಿ ಆರು ವಾರ ಗಣಿತ ಕಲಿಸಿ, ಪುಕ್ಕಟೆಯಾಗಿ, ಬಸ್ಸು ಕೊಟ್ಟು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವರನ್ನೂ ಕರೆದೆ. ನಿಮಗೆ ಶಾಲೆಯ ಗುಣಮಟ್ಟದ ಚಿಂತೆ ನಿಜವಾಗಿ ಇದ್ದರೆ ಈ ಎರಡನ್ನು ನೀವೂ ಕೇಳಬೇಕಲ್ಲವೇ ಎಂದೆ. ಅವರು ಸ್ವಲ್ಪ ಹೊತ್ತು ಎಲೆ ನೋಡುತ್ತಾ ಕೂತರು. "ಲೆಕ್ಕ ಕೇಳೋದಕ್ಕಾದರೆ ಬರ್ತೀನಿ ಅಕ್ಕಾ" ಅಂದರು.